ನೋವು ಹೋಯಿತು, ಎಲುಬು ಕೂಡಲಿಲ್ಲ

ಪ್ರಶ್ನೆ: ನನಗೆ 27 ವರ್ಷ. ಕೊಪ್ಪಳ ಜಿಲ್ಲೆಯ ಕಾರಟಗಿ ಹತ್ತಿರದ ಹಳ್ಳಿಯವನು, ಅಕ್ಕಿ ಗಿರಣಿಯಲ್ಲಿ ಹಮಾಲಿ ಕೆಲಸ ಮಾಡುತ್ತೇನೆ. ಒಂಬತ್ತು ತಿಂಗಳ ಹಿಂದೆ ಬೈಕ್ ಜಾರಿ ಬೀಳುವಾಗ ಬಲಗೈ ಊರಿದೆ. ಅಂದು ಎಕ್ಸ್‌ರೇ ನೋಡಿ, ಎಲುಬು ಮುರಿದಿಲ್ಲ, ಉಳುಕಿದೆ ಅಷ್ಟೇ ಎಂದು ಪಟ್ಟಿ ಸುತ್ತಿ ಕಳುಹಿಸಿದರು. ನೋವು ನಿಲ್ಲದ್ದರಿಂದ ನಾಟಿ ವೈದ್ಯರಲ್ಲಿ ಎಣ್ಣೆ ಹಚ್ಚಿ ತಿಕ್ಕಿಸಿಕೊಂಡು ಬಿದಿರಿನ ದಬ್ಬೆ ಕಟ್ಟಿಸಿಕೊಂಡೆ. ಎರಡು ತಿಂಗಳಿಗೆ ನೋವು ಇಳಿಯಿತು, ಕೆಲಸಕ್ಕೆ ಹೋದೆ. ಈಗ ಮೂಟೆ ಎತ್ತುವಾಗ, ನೆಲಕ್ಕೆ ಕೈ ಊರಿ ಏಳುವಾಗ ಹೆಬ್ಬೆರಳಿನ ಬುಡದಲ್ಲಿ ಚುಚ್ಚುತ್ತದೆ. ಗಂಗಾವತಿಯಲ್ಲಿ ಮತ್ತೆ ಎಕ್ಸ್‌ರೇ ತೆಗೆಸಿದಾಗ, ಸ್ಕೇಫಾಯ್ಡ್ ಎಂಬ ಎಲುಬು ನಡುವೆ ಮುರಿದು ಕೂಡದೆ ಉಳಿದಿದೆ, ಸಿ.ಟಿ. ಸ್ಕ್ಯಾನ್ ಮಾಡಿಸಿ, ಸೊಂಟದಿಂದ ಎಲುಬು ತೆಗೆದಿಟ್ಟು ಸ್ಕ್ರೂ ಹಾಕಬೇಕು ಎಂದರು. ಒಂಬತ್ತು ತಿಂಗಳಾದರೂ ಇಷ್ಟು ಸಣ್ಣ ಎಲುಬು ಏಕೆ ಕೂಡಲಿಲ್ಲ? ಮಾತ್ರೆಯಿಂದ ಕೂಡುವುದಿಲ್ಲವೇ? ಸೊಂಟದ ಎಲುಬು ತೆಗೆದರೆ ಕುಂಟು ಬರುತ್ತದೆ ಎಂದು ಮನೆಯವರು ಹೆದರಿದ್ದಾರೆ. ಇನ್ನೆರಡು ತಿಂಗಳಿಗೆ ಎರಡನೇ ಬೆಳೆಯ ಭತ್ತ ಬರುತ್ತದೆ. ಆ ಸುಗ್ಗಿ ಮುಗಿಸಿಕೊಂಡು ಆಪರೇಷನ್ ಮಾಡಿಸಬಹುದೇ? ನನ್ನ ತಾಯಿಯ ಮಣಿಕಟ್ಟೂ ಎರಡು ವರ್ಷದ ಹಿಂದೆ ಮುರಿದು ಡೊಂಕಾಗಿ ಕೂಡಿದೆ. ಅದೂ ಇದೇ ತೊಂದರೆಯೇ?

ಉತ್ತರ: ಸುಗ್ಗಿಯ ಮಾತನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ನಿಮ್ಮ ಪತ್ರದಲ್ಲಿ ಅದು ಕೊನೆಯ ಕಡೆಗೆ ಬಂದಿದ್ದರೂ ನಿಮ್ಮ ಮನಸ್ಸಿನಲ್ಲಿ ಮೊದಲಿಗೆ ಇರುವುದು ಅದೇ ಎಂದು ನನಗೆ ಗೊತ್ತು. ಎರಡು ತಿಂಗಳು ತಡವಾದರೆ ಈ ಎಲುಬಿನ ಹಣೆಬರಹ ಬದಲಾಗುವುದಿಲ್ಲ. ಆದರೆ ಆ ಎರಡು ತಿಂಗಳು ಇದೇ ಕೈಯಲ್ಲಿ 75 ಕಿಲೋ ಭತ್ತದ ಮೂಟೆ ಎತ್ತಿದರೆ ಬದಲಾಗುತ್ತದೆ. ಆದ್ದರಿಂದ ಆಪರೇಷನ್ ದಿನವನ್ನು ನಿಮ್ಮ ಅನುಕೂಲ ನೋಡಿ ಗೊತ್ತುಮಾಡಿಕೊಳ್ಳಿ, ಹೊರೆ ಎತ್ತುವುದನ್ನು ಮಾತ್ರ ಇಂದೇ ನಿಲ್ಲಿಸಿ. ಸಿ.ಟಿ. ಸ್ಕ್ಯಾನ್ ಈ ವಾರವೇ ಆಗಲಿ. ಅದು ಆಗದೆ ಎಷ್ಟು ಕಾಯಬಹುದು, ಯಾವ ಆಪರೇಷನ್ ಬೇಕು ಎಂಬುದನ್ನು ಯಾರೂ ಖಚಿತವಾಗಿ ಹೇಳಲಾರರು. ಕೂಲಿಯವನಿಗೆ ಸುಗ್ಗಿಯ ಎರಡು ತಿಂಗಳು ಎಂದರೆ ವರ್ಷದ ಗಳಿಕೆಯ ದೊಡ್ಡ ಪಾಲು. ಅದನ್ನು ಬಿಟ್ಟುಬಿಡಿ ಎಂದು ಹೇಳುವುದು ನನಗೆ ಹಗುರವಾದ ಮಾತಲ್ಲ. ನಿಮಗೆ 27 ವರ್ಷ, ಇನ್ನೂ ಮೂವತ್ತು ವರ್ಷ ದುಡಿಯಬೇಕಾದ ಬಲಗೈ ಅದು. ಅದಕ್ಕಾಗಿ ಹೇಳುತ್ತಿದ್ದೇನೆ.

ಈಗ ಎಲುಬಿನ ವಿಷಯ. ಮಣಿಕಟ್ಟಿನಲ್ಲಿ ಬೆಣಚುಕಲ್ಲಿನಂತಹ 8 ಸಣ್ಣ ಎಲುಬುಗಳು ಎರಡು ಸಾಲಾಗಿ ಕೂತಿವೆ. ಹೆಬ್ಬೆರಳನ್ನು ಬಿಗಿಯಾಗಿ ಮೇಲಕ್ಕೆ ಚಾಚಿ ನೋಡಿ. ಬುಡದಲ್ಲಿ ಎರಡು ಹುರಿಗಳ (ಸ್ನಾಯುವನ್ನು ಎಲುಬಿಗೆ ಕಟ್ಟುವ ಹಗ್ಗಗಳ) ನಡುವೆ ಒಂದು ಗುಂಡಿ ಕಾಣುತ್ತದೆ. ಹಿಂದೆ ನಶ್ಯ ಸೇದುವವರು ಪುಡಿ ಇಟ್ಟುಕೊಳ್ಳುತ್ತಿದ್ದ ಜಾಗ ಅದು, ವೈದ್ಯರೂ ಅದನ್ನು ನಶ್ಯದ ಗುಂಡಿ ಎಂದೇ ಕರೆಯುತ್ತಾರೆ. ಆ ಗುಂಡಿಯ ತಳದಲ್ಲಿರುವುದೇ ನಿಮ್ಮ ಸ್ಕೇಫಾಯ್ಡ್. ದೋಣಿ ಎಂಬ ಅರ್ಥದ ಗ್ರೀಕ್ ಪದದಿಂದ ಬಂದ ಹೆಸರು, ಏಕೆಂದರೆ ಅದರ ಆಕಾರ ಹಾಗಿದೆ. ಉಳಿದ ಏಳು ಎಲುಬುಗಳಿಗೂ ಇದಕ್ಕೂ ಒಂದು ವ್ಯತ್ಯಾಸವಿದೆ. ಇದು ಎರಡು ಸಾಲುಗಳಿಗೂ ಅಡ್ಡವಾಗಿ ಸೇತುವೆಯಂತೆ ಮಲಗಿದೆ. ಮಣಿಕಟ್ಟು ಬಾಗಿದಾಗಲೆಲ್ಲ ಇದೂ ಬಾಗುತ್ತದೆ, ಅಂಗೈ ಊರಿದಾಗ ಬರುವ ಭಾರದ ದೊಡ್ಡ ಪಾಲು ಇದರ ಮೇಲೆ ಬೀಳುತ್ತದೆ. ಮಣಿಕಟ್ಟಿನ ಈ ಸಣ್ಣ ಎಲುಬುಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಮುರಿಯುವುದು ಇದೇ. ಮುರಿದುಕೊಳ್ಳುವವರಲ್ಲಿ ಹೆಚ್ಚಿನವರು ನಿಮ್ಮ ವಯಸ್ಸಿನ ಗಂಡಸರು, ಕಾರಣವೂ ಬಹುಪಾಲು ನಿಮ್ಮದೇ: ಬೀಳುವಾಗ ಕೈ ಊರಿದ್ದು.

ಏಕೆ ಕೂಡಲಿಲ್ಲ ಎಂಬುದಕ್ಕೆ ನಿಮ್ಮ ಊರಿನವರಿಗೆ ಸುಲಭವಾಗಿ ತಿಳಿಯುವ ಹೋಲಿಕೆಯೊಂದಿದೆ. ತುಂಗಭದ್ರಾ ಎಡದಂಡೆ ಕಾಲುವೆ ಮುನಿರಾಬಾದಿನಿಂದ ಹೊರಟು ಗಂಗಾವತಿ, ಕಾರಟಗಿ, ಸಿಂಧನೂರು ಹಾದು ಮಾನ್ವಿ, ರಾಯಚೂರಿನ ಕಡೆಗೆ ಹೋಗುತ್ತದೆ. ನಿಮ್ಮ ಸೀಮೆಯ ಗದ್ದೆಗಳು ತುಂಬಿ ನಿಂತಾಗಲೂ ಕೊನೆಯ ಭಾಗದ ರೈತ ಗೇಣು ನೀರಿಗಾಗಿ ದಾರಿ ಕಾಯುತ್ತಾನೆ. ನಡುವೆ ಎಲ್ಲಾದರೂ ಕಾಲುವೆ ಒಡೆದರೆ ಅವನಿಗೆ ಹನಿಯೂ ಇಲ್ಲ. ಸ್ಕೇಫಾಯ್ಡಿನ ಒಳಗೂ ಹೀಗೆಯೇ. ರಕ್ತನಾಳ ಬೆರಳಿನ ಕಡೆಯಿಂದ ಎಲುಬನ್ನು ಹೊಕ್ಕು ಹಿಮ್ಮುಖವಾಗಿ, ಮುಂಗೈಯ ಕಡೆಗೆ ಹರಿಯುತ್ತದೆ. ಮುಂಗೈ ಪಕ್ಕದ ತುಂಡು ಕೊನೆಯ ಭಾಗದ ಹೊಲ. ಎಲುಬು ನಡುವೆ ಮುರಿದರೆ ಆ ತುಂಡಿಗೆ ಹೋಗುವ ರಕ್ತ ಅಲ್ಲಿಗೇ ಕುಂಠಿತವಾಗುತ್ತದೆ, ಕೆಲವರಲ್ಲಿ ಪೂರ್ತಿ ನಿಂತೇಹೋಗಿ ಆ ತುಂಡು ಒಳಗೇ ಸಾಯುತ್ತದೆ. ಮುರಿತ ಮುಂಗೈಗೆ ಹತ್ತಿರವಾದಷ್ಟೂ ಅಪಾಯ ಹೆಚ್ಚು. ಬೆರಳಿನ ಕಡೆಯ ತುದಿ ಮುರಿದರೆ ಹೆಚ್ಚು ಚಿಂತೆಯಿಲ್ಲ, ಅದು ಕೆಲವೇ ವಾರಗಳಲ್ಲಿ ಕೂಡುತ್ತದೆ.

ಇನ್ನೊಂದು ಕಾರಣವೂ ಇದೆ. ಮೊಣಕಾಲಿನ ಕೆಳಗಿನ ಎಲುಬು ಮುರಿದರೆ ಅದರ ಸುತ್ತಲಿನ ಪೊರೆ ಹೊಸ ಎಲುಬನ್ನು ಹುಟ್ಟಿಸಿ ಗಂಟು ಕಟ್ಟುತ್ತದೆ. ಎಲುಬು ಕೂಡಿದೆಯೇ ಎಂದು ಹಿರಿಯರು ಬೆರಳಿಂದ ಒತ್ತಿ ನೋಡುತ್ತಿದ್ದ ಗಂಟು ಅದೇ. ಸ್ಕೇಫಾಯ್ಡಿನ ಮೈಯಲ್ಲಿ ಐದರಲ್ಲಿ ಸುಮಾರು ನಾಲ್ಕು ಪಾಲು ಕೀಲಿನ ನುಣುಪಾದ ಮೃದ್ವಸ್ಥಿ ಹೊದ್ದಿದೆ, ಅಲ್ಲಿ ಆ ಪೊರೆಯಿಲ್ಲ. ಹಾಗಾಗಿ ಗಂಟು ಕಟ್ಟುವುದಿಲ್ಲ. ಮುರಿದ ಎರಡು ಮುಖಗಳು ಒಂದಕ್ಕೊಂದು ತಾಗಿಕೊಂಡು, ಅಲುಗದೆ ಇದ್ದರೆ ಮಾತ್ರ ನೇರವಾಗಿ ಬೆಸೆದುಕೊಳ್ಳುತ್ತವೆ. ಅಲುಗಿದರೆ ನಡುವೆ ಕೀಲಿನ ದ್ರವ ನುಗ್ಗಿ, ನಾರಿನಂತಹ ಮೆತ್ತನೆಯ ಅಂಗಾಂಶ ತುಂಬುತ್ತದೆ. ಆ ನಾರೇ ಎರಡು ತುಂಡುಗಳನ್ನು ಒಂದಿಷ್ಟು ಹಿಡಿದುಕೊಳ್ಳುತ್ತದೆ, ಅದರಿಂದಲೇ ನೋವು ಇಳಿಯುತ್ತದೆ. ನಿಮಗೆ ಎರಡು ತಿಂಗಳಿಗೆ ಆರಾಮ ಎನ್ನಿಸಿತಲ್ಲ, ಆಗ ಆಗಿದ್ದು ಇದು. ನೋವು ಹೋಗುವುದು ಬೇರೆ, ಎಲುಬು ಕೂಡುವುದು ಬೇರೆ. ಸ್ಕೇಫಾಯ್ಡಿನಲ್ಲಿ ಇವೆರಡೂ ಒಟ್ಟಿಗೆ ಬರುತ್ತವೆ ಎಂಬ ಭರವಸೆ ಇಲ್ಲವೇ ಇಲ್ಲ.

ಮೊದಲ ದಿನದ ಎಕ್ಸ್‌ರೇ ಬಗ್ಗೆ ನಿಮಗೆ ಸಿಟ್ಟಿರಬಹುದು. ಅದು ಸಹಜ. ಆದರೆ ಆ ಚಿತ್ರದಲ್ಲಿ ಮುರಿತ ನಿಜವಾಗಿಯೂ ಕಾಣದೆ ಇದ್ದಿರಬಹುದು. ಸ್ಕೇಫಾಯ್ಡ್ ಮುರಿದ ಐವರಲ್ಲಿ ಒಬ್ಬರಿಗೆ ಮೊದಲ ಎಕ್ಸ್‌ರೇಯಲ್ಲಿ ಏನೂ ಕಾಣಿಸದೆ ಹೋಗಬಹುದು. ಗೆರೆ ಕೂದಲಿನಷ್ಟು ತೆಳುವಾಗಿರುತ್ತದೆ, ಎಲುಬು ಓರೆಯಾಗಿ ಮಲಗಿರುತ್ತದೆ. ಎರಡು ವಾರ ಕಳೆದ ಮೇಲೆ ಮುರಿತದ ಅಂಚು ಸ್ವಲ್ಪ ಕರಗಿ ಗೆರೆ ಎದ್ದು ಕಾಣುತ್ತದೆ. ಆದ್ದರಿಂದ ನಿಯಮ ಸರಳ: ಕೈ ಊರಿ ಬಿದ್ದವನಿಗೆ ನಶ್ಯದ ಗುಂಡಿಯಲ್ಲಿ ಒತ್ತಿದರೆ ನೋವಿದ್ದಾಗ, ಎಕ್ಸ್‌ರೇ ಏನೇ ಹೇಳಲಿ, ಮುರಿದಿದೆ ಎಂದೇ ತಿಳಿದು ಮಣಿಕಟ್ಟು ಅಲುಗದಂತೆ ಪಟ್ಟಿ ಕಟ್ಟಿ, 10ರಿಂದ 14 ದಿನ ಕಳೆದ ಮೇಲೆ ಮತ್ತೆ ಚಿತ್ರ ತೆಗೆಸಬೇಕು. ಎಂ.ಆರ್.ಐ. ಮಾಡಿಸುವ ಶಕ್ತಿಯಿದ್ದರೆ ಮೊದಲ ದಿನಗಳಲ್ಲೇ ತಿಳಿದುಬಿಡುತ್ತದೆ. ನಿಮ್ಮ ವಿಷಯದಲ್ಲಿ ತಪ್ಪಿದ್ದು ಮೊದಲ ಎಕ್ಸ್‌ರೇ ಅಲ್ಲ, ಎರಡನೆಯದು ಆಗಲೇ ಇಲ್ಲ ಎಂಬುದು.

ಈ ತಪ್ಪನ್ನು ನಾನೂ ಮಾಡಿದ್ದೇನೆ. ವೃತ್ತಿಯ ಮೊದಲ ವರ್ಷಗಳಲ್ಲಿ, ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಒಬ್ಬ ಯುವಕ ಮೆಟ್ಟಿಲು ಜಾರಿ ಬಿದ್ದು ಬಂದಿದ್ದ. ಚಿತ್ರ ಶುದ್ಧವಾಗಿತ್ತು. ಉಳುಕು, ವಾರದಲ್ಲಿ ಸರಿಹೋಗುತ್ತದೆ ಎಂದು ಹೇಳಿ ಕಳುಹಿಸಿದೆ. ಮತ್ತೆ ಬನ್ನಿ ಎಂದು ಹೇಳಲಿಲ್ಲ. ಆರು ವರ್ಷಗಳ ನಂತರ ಆತ ಬಂದಾಗ ದಪ್ಪ ಬಟ್ಟೆಯನ್ನು ಸೂಜಿಯ ಕೆಳಗೆ ತಳ್ಳಲೂ ಆಗುತ್ತಿರಲಿಲ್ಲ. ಕೀಲು ಸವೆದುಹೋಗಿತ್ತು, ಎಲುಬನ್ನು ಕೂಡಿಸುವ ಕಾಲ ಮೀರಿತ್ತು. ಸ್ಕೇಫಾಯ್ಡನ್ನೇ ತೆಗೆದುಹಾಕಿ ಪಕ್ಕದ ನಾಲ್ಕು ಎಲುಬುಗಳನ್ನು ಒಂದಾಗಿ ಬೆಸೆಯಬೇಕಾಯಿತು. ನೋವು ಹೋಯಿತು, ಮಣಿಕಟ್ಟಿನ ಚಲನೆ ಅರ್ಧಕ್ಕೆ ಇಳಿಯಿತು. ಅಂದಿನಿಂದ ನಶ್ಯದ ಗುಂಡಿಯನ್ನು ಒತ್ತಿ ನೋಡದೆ ನಾನು ಯಾರ ಮಣಿಕಟ್ಟನ್ನೂ ಉಳುಕು ಎಂದು ಕರೆದಿಲ್ಲ.

ನಾಟಿ ವೈದ್ಯರ ಬಗ್ಗೆ ಒಂದು ಮಾತು. ಅವರನ್ನು ಹಳಿಯುವ ಮನಸ್ಸು ನನಗಿಲ್ಲ. ಗಂಟು ಕಟ್ಟಿಕೊಂಡು ತಾನಾಗಿ ಕೂಡುವ ಎಲುಬುಗಳಲ್ಲಿ ಅವರ ಕಟ್ಟು ಎಷ್ಟೋ ಸಲ ಕೆಲಸ ಮಾಡಿದೆ, ನಡುರಾತ್ರಿ ಬಾಗಿಲು ತೆರೆದವರೂ ಅವರೇ. ಆದರೆ ಸ್ಕೇಫಾಯ್ಡಿಗೆ ಬೇಕಾದದ್ದು ನಿಶ್ಚಲತೆ, ತಿಕ್ಕುವುದು ಅದಕ್ಕೆ ತೀರ ವಿರುದ್ಧ. ಹೊಸದಾಗಿ ಪೆಟ್ಟಾದ ಯಾವ ಜಾಗಕ್ಕೂ ಎಣ್ಣೆ ಹಚ್ಚಿ ತಿಕ್ಕಿಸಬೇಡಿ. ಬಿಗಿ ಕಟ್ಟಿನ ಕೆಳಗೆ ಬೆರಳು ಜುಮ್ಮೆಂದರೆ, ತಣ್ಣಗಾದರೆ, ಬಣ್ಣ ಬದಲಾದರೆ ಬೆಳಗಾಗುವವರೆಗೆ ಕಾಯದೆ ಬಿಚ್ಚಿ ಆಸ್ಪತ್ರೆಗೆ ಓಡಬೇಕು.

ಮಾತ್ರೆಯಿಂದ ಕೂಡುತ್ತದೆಯೇ ಎಂದರೆ, ಇಲ್ಲ. ಕ್ಯಾಲ್ಸಿಯಂ, ವಿಟಮಿನ್ ಡಿ ಕೊರತೆಯಿದ್ದವರು ತೆಗೆದುಕೊಳ್ಳಲಿ, ಬೇಳೆ, ಮೊಟ್ಟೆ, ಹಾಲು ಚೆನ್ನಾಗಿ ತಿನ್ನಲಿ. ಆದರೆ ಎರಡು ತುಂಡುಗಳ ನಡುವೆ ನಾರು ತುಂಬಿರುವಾಗ ಹೊಟ್ಟೆಗೆ ಹೋದ ಕ್ಯಾಲ್ಸಿಯಂ ಅಲ್ಲಿ ಸೇತುವೆ ಕಟ್ಟಲಾರದು. ಮೊದಲ ವಾರಗಳಲ್ಲೇ ತಿಳಿದಿದ್ದರೆ ಬರೀ ಪ್ಲಾಸ್ಟರ್ ಸಾಕಾಗುತ್ತಿತ್ತು: ತುಂಡುಗಳು ಜಾಗ ಬಿಟ್ಟು ಜರುಗದ ನಡುಮುರಿತಗಳಲ್ಲಿ ಹತ್ತರಲ್ಲಿ ಒಂಬತ್ತು ಎರಡು-ಮೂರು ತಿಂಗಳ ಪ್ಲಾಸ್ಟರ್‌ನಿಂದಲೇ ಕೂಡುತ್ತವೆ. ನಾಲ್ಕು ವಾರ ದಾಟಿ ಶುರುವಾದ ಚಿಕಿತ್ಸೆಯಲ್ಲಿ ಈ ಭಾಗ್ಯ ಕಡಿಮೆಯಾಗುತ್ತಾ ಹೋಗುತ್ತದೆ. ಆರು ತಿಂಗಳಾದರೂ ಕೂಡದಿದ್ದರೆ ಅದನ್ನು ಕೂಡದ ಮುರಿತ ಎಂದೇ ಪರಿಗಣಿಸುತ್ತೇವೆ. ನಿಮ್ಮದು ಒಂಬತ್ತು ತಿಂಗಳಿನದು. ಈಗ ಪ್ಲಾಸ್ಟರ್ ಹಾಕಿ ಕೂತರೆ ಮೂರು ತಿಂಗಳು ಹಾಳಾಗುತ್ತದೆ ಅಷ್ಟೇ.

ಆಪರೇಷನ್ ಎಂದರೆ ಏನು ಮಾಡುತ್ತಾರೆ ಎಂದು ತಿಳಿದರೆ ಹೆದರಿಕೆ ಅರ್ಧ ಇಳಿಯುತ್ತದೆ. ಮಣಿಕಟ್ಟಿನ ಬಳಿ ಸಣ್ಣದಾಗಿ ಕೊಯ್ದು, ಎರಡು ತುಂಡುಗಳ ನಡುವಿನ ನಾರನ್ನೂ ಸತ್ತ ಎಲುಬನ್ನೂ ಕೆರೆದು ತೆಗೆಯುತ್ತಾರೆ. ಒಳಗಿನ ಎಲುಬಿನಿಂದ ಸೂಜಿಮೊನೆಯಷ್ಟು ರಕ್ತ ಜಿನುಗಿದರೆ ನಮಗೆ ಸಂತೋಷ. ಜೀವ ಇದೆ ಎಂದು ಅರ್ಥ. ಹಾಗೆ ಉಂಟಾದ ಖಾಲಿ ಜಾಗಕ್ಕೆ ನಿಮ್ಮದೇ ಮೈಯ ಜೀವಂತ ಎಲುಬನ್ನು ತುಂಬುತ್ತಾರೆ. ಹೊಲದಲ್ಲಿ ಸಸಿ ಸತ್ತ ಕಡೆ ನಾಟಿ ತುಂಬುತ್ತೀರಲ್ಲ, ಹಾಗೆ. ಕೂಡದ ಸ್ಕೇಫಾಯ್ಡ್ ಬಹಳ ಸಲ ಮುಂದಕ್ಕೆ ಮಡಚಿ ಗೂನು ಬೆನ್ನಿನಂತಾಗಿರುತ್ತದೆ. ಆಗ ಬೆಣೆಯ ಆಕಾರದ ಗಟ್ಟಿ ತುಂಡನ್ನು ಇಟ್ಟು ಎಲುಬಿನ ಉದ್ದವನ್ನು ಮರಳಿ ತರಬೇಕಾಗುತ್ತದೆ. ಆಮೇಲೆ ತಲೆಯಿಲ್ಲದ ಒಂದು ಸ್ಕ್ರೂ. ಅದರ ಎರಡು ತುದಿಗಳಲ್ಲಿ ತಿರುಪಿನ ಸುತ್ತುಗಳ ನಡುವಿನ ಅಂತರ ಬೇರೆಬೇರೆ, ಆದ್ದರಿಂದ ತಿರುಗಿಸಿದಂತೆ ಎರಡು ತುಂಡುಗಳು ಒಂದಕ್ಕೊಂದು ಬಿಗಿದುಕೊಳ್ಳುತ್ತವೆ, ಸ್ಕ್ರೂ ಎಲುಬಿನೊಳಗೇ ಹುದುಗಿಹೋಗುತ್ತದೆ. ಆಸ್ಟ್ರೇಲಿಯಾದ ಶಸ್ತ್ರವೈದ್ಯ ಟಿಮೊತಿ ಹರ್ಬರ್ಟ್ ಇದನ್ನು ರೂಪಿಸಿ 1984ರಲ್ಲಿ ಪ್ರಕಟಿಸಿದರು, ಇಂದಿಗೂ ಅದನ್ನು ಹರ್ಬರ್ಟ್ ಸ್ಕ್ರೂ ಎಂದೇ ಕರೆಯುತ್ತೇವೆ. ತೊಂದರೆ ಕೊಡದಿದ್ದರೆ ಅದನ್ನು ಮತ್ತೆ ತೆಗೆಯಬೇಕಾಗಿಲ್ಲ. ಮುಂಗೈ ಪಕ್ಕದ ತುಂಡು ಸತ್ತಿದೆ ಎಂದು ಎಂ.ಆರ್.ಐ.ಯಲ್ಲಿ ಅಥವಾ ಆಪರೇಷನ್ ವೇಳೆ ಕಂಡುಬಂದರೆ, ರಕ್ತನಾಳದ ಸಮೇತ ಎಲುಬಿನ ತುಂಡನ್ನು ತಂದಿಡುವ ವಿಧಾನವಿದೆ. ಅದು ಹೆಚ್ಚು ಸೂಕ್ಷ್ಮವಾದ ಕೆಲಸ, ಕೈಯ ಶಸ್ತ್ರಚಿಕಿತ್ಸೆಯಲ್ಲಿ ಪಳಗಿದವರು ಮಾಡಬೇಕು.

ಸೊಂಟದ ಭಯಕ್ಕೆ ಬರೋಣ. ಎಲುಬು ತೆಗೆಯುವುದು ನೀವು ಸೊಂಟಕ್ಕೆ ಕೈಯಿಟ್ಟು ನಿಂತಾಗ ಕೈಗೆ ತಾಗುವ ಏಣಿನಿಂದ. ಕಾಲಿನ ಕೀಲು ಅಲ್ಲಿಂದ ದೂರದಲ್ಲಿದೆ. ಬೇಕಾಗುವುದು ಹೆಬ್ಬೆರಳ ಉಗುರಿನಷ್ಟು ತುಂಡು. ಕೆಲವು ವಾರ ನಡೆಯುವಾಗ ನೋಯುತ್ತದೆ, ನಿಜ ಹೇಳಬೇಕೆಂದರೆ ಮೊದಲ ದಿನಗಳಲ್ಲಿ ಕೈಗಿಂತ ಸೊಂಟವೇ ಹೆಚ್ಚು ನೋಯುತ್ತದೆ ಎನ್ನುವವರಿದ್ದಾರೆ. ಕೆಲವರಿಗೆ ಗಾಯದ ಸುತ್ತ ಚರ್ಮ ಜೋಮು ಹಿಡಿದಂತೆ ಉಳಿಯಬಹುದು. ಕುಂಟು ಬರುವುದಿಲ್ಲ ಎಂದು ಮನೆಯವರಿಗೆ ಧೈರ್ಯವಾಗಿ ಹೇಳಿ. ಸಿ.ಟಿ.ಯಲ್ಲಿ ಎಲುಬು ಹೆಚ್ಚು ಮಡಚಿಲ್ಲ ಎಂದು ಕಂಡರೆ ಸೊಂಟವನ್ನು ಮುಟ್ಟದೆ ಅದೇ ಕೈಯ ಮುಂಗೈ ಎಲುಬಿನಿಂದಲೇ ತುಂಡು ತೆಗೆಯಲೂ ಬರುತ್ತದೆ. ನಿಮ್ಮ ವೈದ್ಯರನ್ನು ಸಂಕೋಚವಿಲ್ಲದೆ ಕೇಳಿ.

ಫಲ ಎಷ್ಟು ಎಂಬುದನ್ನೂ ಮುಚ್ಚಿಡುವುದಿಲ್ಲ. ನಡುಭಾಗದ ಮುರಿತ, ರಕ್ತ ಇರುವ ತುಂಡು, ಸವೆಯದ ಕೀಲು, ಇವಿಷ್ಟು ಇದ್ದರೆ ಹತ್ತರಲ್ಲಿ ಎಂಟರಿಂದ ಒಂಬತ್ತು ಜನರಿಗೆ ಎಲುಬು ಕೂಡುತ್ತದೆ. ತುಂಡು ಸತ್ತಿದ್ದರೆ, ಮುರಿದು ಐದಾರು ವರ್ಷ ಕಳೆದಿದ್ದರೆ ಕಡಿಮೆ. ಬೀಡಿ, ಸಿಗರೇಟ್ ಸೇದುವವರಲ್ಲಿ ಇನ್ನೂ ಕಡಿಮೆ. ನೀವು ಸೇದುತ್ತೀರೋ ಇಲ್ಲವೋ ಬರೆದಿಲ್ಲ. ಸೇದುವವರಾಗಿದ್ದರೆ ಈ ಪತ್ರ ಓದಿದ ದಿನವೇ ಬಿಡಿ, ಗುಟ್ಕಾ ತಂಬಾಕನ್ನೂ ಬಿಡಿ. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಹಿಂಡುತ್ತದೆ. ಮೊದಲೇ ನೀರು ತಲುಪದ ಕೊನೆಯ ಹೊಲಕ್ಕೆ ಇರುವ ಒಂದು ತೂಬನ್ನೂ ಮುಚ್ಚಿದ ಹಾಗೆ ಅದು. ಎಷ್ಟೇ ಚೆನ್ನಾಗಿ ಮಾಡಿದ ಆಪರೇಷನ್ನನ್ನು ಬೀಡಿ ಸೋಲಿಸಿದ್ದನ್ನು ನೋಡಿ ನೊಂದಿದ್ದೇನೆ.

ಆಪರೇಷನ್ ನಂತರ ಆರರಿಂದ ಹನ್ನೆರಡು ವಾರ ಪ್ಲಾಸ್ಟರ್ ಅಥವಾ ಪಟ್ಟಿ ಇರುತ್ತದೆ. ಬೆರಳುಗಳನ್ನು ಮೊದಲ ದಿನದಿಂದಲೇ ಮಡಚಿ ಬಿಡಿಸುತ್ತಿರಬೇಕು. ಸುಮಾರು ಮೂರು ತಿಂಗಳಿಗೆ ಮತ್ತೊಂದು ಸಿ.ಟಿ. ಮಾಡಿಸಿ, ಎಲುಬು ನಿಜವಾಗಿ ಕೂಡಿದೆ ಎಂದು ಕಣ್ಣಾರೆ ನೋಡಿದ ಮೇಲೆಯೇ ಭಾರ ಎತ್ತುವ ಮಾತು. ಹಮಾಲಿ ಕೆಲಸಕ್ಕೆ ಮರಳಲು ಆರು ತಿಂಗಳು ಎಂದು ಲೆಕ್ಕ ಹಾಕಿಕೊಳ್ಳಿ. ಈ ಸಲ ನೋವು ಇಲ್ಲ ಎಂಬ ಕಾರಣಕ್ಕೆ ಬೇಗ ಹೋಗಬೇಡಿ. ಎಲುಬು ಕೂಡಿದ ಮೇಲೂ ಮಣಿಕಟ್ಟು ಮೊದಲಿನಷ್ಟು ಪೂರ್ತಿ ಬಾಗದೆ ಇರಬಹುದು. ಮೂಟೆ ಎತ್ತಲು ಅದು ಅಡ್ಡಿಯಾಗುವುದು ಅಪರೂಪ.

ಮಾಡಿಸದೆ ಬಿಟ್ಟರೆ? ಒಂದೆರಡು ವರ್ಷ ಹೇಗೋ ಸಾಗುತ್ತದೆ. ಅದೇ ಮೋಸ. ಸೇತುವೆ ಮುರಿದ ಮೇಲೆ ಎರಡೂ ಸಾಲಿನ ಎಲುಬುಗಳು ಒಂದರ ಮೇಲೊಂದು ಕುಸಿಯುತ್ತಾ ಬರುತ್ತವೆ. ಮೊದಲು ಹೆಬ್ಬೆರಳ ಕಡೆಯ ಮುಂಗೈ ಎಲುಬಿನ ತುದಿ ಸವೆಯುತ್ತದೆ, ಆಮೇಲೆ ಮಣಿಕಟ್ಟಿನ ನಡುವಿನ ಕೀಲು. ಐದರಿಂದ ಹತ್ತು ವರ್ಷಗಳಲ್ಲಿ ಬಹುಪಾಲು ಜನರಿಗೆ ಸವೆತ ಕಾಣಿಸಿಕೊಳ್ಳುತ್ತದೆ. ಆ ಹಂತದಲ್ಲಿ ಸ್ಕೇಫಾಯ್ಡನ್ನು ಕೂಡಿಸಿ ಪ್ರಯೋಜನವಿಲ್ಲ. ಬಳ್ಳಾರಿಯ ಆ ಯುವಕನಿಗೆ ಮಾಡಿದಂತೆ ಎಲುಬು ತೆಗೆಯುವುದು, ಬೆಸೆಯುವುದು ಮಾತ್ರ ಉಳಿಯುತ್ತದೆ.

ತಾಯಿಯವರದು ಬೇರೆ ವಿಷಯ. ಅಂಗಳದಲ್ಲಿ ಜಾರಿಯೋ ಬಚ್ಚಲಲ್ಲಿ ಎಡವಿಯೋ ಬಿದ್ದ ಹಿರಿಯ ಹೆಂಗಸರಲ್ಲಿ ಮುರಿಯುವುದು ಸಾಮಾನ್ಯವಾಗಿ ಮುಂಗೈ ಎಲುಬಿನ ಕೊನೆ. ಐರ್ಲೆಂಡಿನ ಏಬ್ರಹಾಂ ಕಾಲಿಸ್ 1814ರಲ್ಲೇ ಇದನ್ನು ವಿವರಿಸಿದ್ದರು, ಹೆಸರೂ ಅವರದೇ ಉಳಿದಿದೆ. ಅಲ್ಲಿ ರಕ್ತಕ್ಕೆ ಬರವಿಲ್ಲ, ಎಲುಬು ಕೂಡದೆ ಉಳಿಯುವುದು ತೀರ ಅಪರೂಪ. ಅಲ್ಲಿನ ತೊಂದರೆ ಡೊಂಕಾಗಿ ಕೂಡುವುದು. ಡೊಂಕಿದ್ದರೂ ರೊಟ್ಟಿ ಬಡಿಯಲು, ಕೊಡ ಎತ್ತಲು, ಬಟ್ಟೆ ಹಿಂಡಲು ಕೈ ಬರುತ್ತಿದ್ದರೆ ನೋಟಕ್ಕಾಗಿ ಆಪರೇಷನ್ ಬೇಡ. ಬೆರಳುಗಳಲ್ಲಿ ಜೋಮು ಇದ್ದರೆ, ರಾತ್ರಿ ಜುಮ್ಮೆಂದು ಎಚ್ಚರವಾಗುತ್ತಿದ್ದರೆ, ಅಥವಾ ಹೆಬ್ಬೆರಳು ಮೇಲಕ್ಕೆ ಏಳುವುದು ನಿಂತಿದ್ದರೆ ತೋರಿಸಲೇಬೇಕು: ನರ ಒತ್ತಿರಬಹುದು, ಹುರಿ ಕಡಿದಿರಬಹುದು. ಅದಕ್ಕಿಂತ ಮುಖ್ಯವಾದದ್ದು, ನಿಂತ ಎತ್ತರದಿಂದ ಬಿದ್ದು ಮಣಿಕಟ್ಟು ಮುರಿಯಿತು ಎಂದರೆ ಮೈಯ ಎಲುಬೆಲ್ಲ ಟೊಳ್ಳಾಗುತ್ತಿರುವ ಸುಳಿವು ಅದು. ಮುಂದಿನ ಸಲ ಮುರಿಯುವುದು ತೊಡೆಯ ಎಲುಬು ಆಗಬಾರದು. ಅವರ ಎಲುಬಿನ ಸಾಂದ್ರತೆಯನ್ನು ಪರೀಕ್ಷೆ ಮಾಡಿಸಿ.

ಎಲ್ಲಿಗೆ ಹೋಗುವುದು ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಿವೆ, ಅಲ್ಲೆಲ್ಲ ಎಲುಬಿನ ವಿಭಾಗವಿದೆ. ಬಿಪಿಎಲ್ ಪಡಿತರ ಚೀಟಿ ಇದ್ದರೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಪಡಿತರ ಚೀಟಿ, ಆಧಾರ್ ಎರಡನ್ನೂ ಒಯ್ಯಿರಿ, ಈ ಆಪರೇಷನ್ ಯೋಜನೆಯಡಿ ಸಿಗುವುದೇ ಎಂದು ದಾಖಲಾಗುವ ಮೊದಲೇ ಅಲ್ಲಿನ ಆರೋಗ್ಯ ಮಿತ್ರರನ್ನು (ಯೋಜನೆಯ ಬಗ್ಗೆ ರೋಗಿಗಳಿಗೆ ನೆರವಾಗಲು ಆಸ್ಪತ್ರೆಯಲ್ಲಿರುವ ಸಿಬ್ಬಂದಿ) ಕೇಳಿ. ಒಂಬತ್ತು ತಿಂಗಳ ಹಿಂದಿನ ಆ ಮೊದಲ ಎಕ್ಸ್‌ರೇ ಮನೆಯಲ್ಲಿದ್ದರೆ ಎಸೆಯಬೇಡಿ. ಅಂದು ಎಲುಬು ಹೇಗಿತ್ತು, ಇಂದು ಎಷ್ಟು ಮಡಚಿದೆ ಎಂಬುದನ್ನು ಪಕ್ಕಪಕ್ಕ ಇಟ್ಟು ನೋಡಿದರೆ ವೈದ್ಯರಿಗೆ ಬಹಳ ತಿಳಿಯುತ್ತದೆ. ಗಿರಣಿಯ ಮೇಸ್ತ್ರಿಯವರಲ್ಲಿ ವಿಷಯ ಬಿಚ್ಚಿ ಹೇಳಿ, ಈ ಸುಗ್ಗಿಗೆ ತೂಕ ಬರೆದುಕೊಳ್ಳುವ ಅಥವಾ ಲೆಕ್ಕ ನೋಡುವ ಕೆಲಸ ಕೇಳಿ. ಹೋಗುವಾಗ ತಾಯಿಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ, ಒಂದೇ ದಿನದಲ್ಲಿ ಇಬ್ಬರ ಕೈಯನ್ನೂ ತೋರಿಸಬಹುದು.